ಜಕ್ಕೂರಿನಾಚೆಯ ಕೋಟೆ ಕಾದದ್ದು

ಕಾವಲು ಕೆಲಸದಲ್ಲಿ ಏನೂ ನಡೆಯೋದಿಲ್ಲ ಅನ್ನುವವರು ಪಾಳುಕೋಟೆ ಕಾದವರಲ್ಲ. ಐವತ್ತರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ನಾನು ಜಕ್ಕೂರಿನ ಆಚೆ ಅಂಥದೊಂದು ಕೋಟೆಗೆ ಸರ್ಕಾರಿ ಕಾವಲುಗಾರನಾಗಿದ್ದೆ. ಕೋಟೆ ಅಂತ ಉಳಿದಿದ್ದು ಕಲ್ಲಿನ ತಳದ ಮೇಲೆ ಒಂದೇ ಒಂದು ಮಣ್ಣುಗೋಡೆ. ಕಟ್ಟಿಸಿದ್ದು ಯಾರೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೂ ಅದು ಸಂರಕ್ಷಿತ ಸ್ಮಾರಕ.

೧. ಚರಿತ್ರೆ

ಕೋಟೆಯ ಚರಿತ್ರೆ ಬರೆದುಕೊಳ್ಳಲು ಇಲಾಖೆಯ ಸಾಹೇಬರು ಬಂದರು. ಊರಿನ ಹಿರಿಯ ರೈತನ ಮನೆಗೆ ಕರೆದುಕೊಂಡು ಹೋಗಿ ಜಗಲಿ ಮೇಲೆ ಕೂರಿಸಿದೆ.

"ಕೋಟೆ ಕಟ್ಟಿಸಿದ್ದು ಯಾರಪ್ಪ?"

"ಅದು ಗೊತ್ತಿಲ್ಲ ಸ್ವಾಮಿ. ಕಲ್ಲು ಒತ್ಕೊಂಡೋದೋರು ಯಾರಂತ ಕೇಳಿ, ಯೋಳ್ತೀನಿ."

ಸಾಹೇಬರು ಪೆನ್ನು ತೆಗೆದರು. "ಯಾರು?"

"ನಮ್ಮಪ್ಪ. ನೀವ್ ಕುಂತಿರೋದು ಅದ್ರ ಮೇಲೇನೆ."

೨. ರಜೆ

ದಿನಾ ಮಧ್ಯಾಹ್ನ ಕೋಟೆಗೆ ಬುತ್ತಿ ತರುತ್ತಿದ್ದ ನನ್ನ ಹೆಂಡತಿ ಒಂದು ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಮಣ್ಣು ಮಾಡಿದ ಮರುದಿನ ಹದಿಮೂರು ದಿನದ ರಜೆ ಕೇಳಲು ಕಚೇರಿಗೆ ಹೋದೆ. ಸಾಹೇಬರು ಅರ್ಜಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಮನಸ್ಸು ಕಲಕಿತೇನೋ ಅಂದುಕೊಂಡೆ.

"ಅಲ್ಲಿವರೆಗೂ ಗೋಡೆಗೆ ಯಾರ್ರೀ ಗತಿ?" ಅಂದರು.

"ನಾನು ಹುಟ್ಟೋಕ್ ಮುಂಚೆ ಯಾರಿದ್ರೋ ಅವರೇ ಸಾರ್."

ಮೂರು ದಿನ ಕೊಟ್ಟರು. ಉಳಿದ ಹತ್ತು ದಿನ ಸೂತಕವನ್ನು ಗೋಡೆಯ ಜೊತೆಯಲ್ಲೇ ಕಳೆದೆ. ಅದೂ ನನ್ನ ಹಾಗೇ, ಸ್ನಾನ ಇಲ್ಲ, ಮಾತಿಲ್ಲ.

೩. ಸುಸ್ಥಿತಿ

ಒಂದು ಮಳೆಗಾಲ ಗೋಡೆಯೂ ಹೋಯಿತು. ಬೆಳಗ್ಗೆ ನೋಡಿದರೆ ಕೆಸರಿನ ದಿಬ್ಬ. ನಿಂತಲ್ಲೇ ಅತ್ತುಬಿಟ್ಟೆ. ನನಗೆ ಉಳಿದಿದ್ದು ಅದೊಂದೇ, ಜೊತೆಗೆ ಅನ್ನವೂ ಅದರದೇ. ಕೆಲಸ ಹೋಯಿತು ಅಂದುಕೊಂಡೇ ಕಚೇರಿಗೆ ಹೋಗಿ ಗುಮಾಸ್ತರಿಗೆ ತಿಳಿಸಿದೆ.

ಅವರು ಫೈಲು ಬಿಚ್ಚಿದರು. "ಇಲ್ಲಿ ನಿಂತಿದೆಯಲ್ರೀ."

"ಅಲ್ಲಿ ಬಿದ್ದಿದೆ ಸಾರ್."

"ಬೀಳೋಕೆ ಮಂಜೂರಾತಿ ಆಗಿಲ್ಲ. ಆಗೋವರೆಗೂ ಹೋಗಿ ಕಾಯ್ತಾ ಇರಿ."

ಮಂಜೂರಾತಿ ಬರುವ ಮೊದಲು ನನಗೆ ನಿವೃತ್ತಿ ಬಂತು. ಅಲ್ಲಿವರೆಗೆ ಎರಡು ವರ್ಷ, ಇಲ್ಲದ ಗೋಡೆಯನ್ನು ಕಾದೆ. ಹತ್ತು ವರ್ಷದಲ್ಲಿ ಅದರ ಒಂದು ಹೆಂಟೆಯೂ ಉದುರದೆ ಇದ್ದದ್ದು ಆ ಎರಡು ವರ್ಷ ಮಾತ್ರ.