ಮಾಳಿಗೆಗೆ ಬೆಳಕಿಂಡಿ ಬಿಟ್ಟದ್ದಕ್ಕೆ

ಬೀದರಿನಲ್ಲಿ ಮನೆಗಳ ನಕ್ಷೆ ಹಾಕುವುದು ನನ್ನ ಕಸುಬು. ಗೋಡೆಗೆ ಈ ನೆಲದ ಕೆಂಪುಕಲ್ಲು, ಕಾಲಡಿಗೆ ಫರ್ಸಿ ಕಲ್ಲಿನ ಹಾಸು, ಹಗಲು ಹೊತ್ತು ದೀಪ ಹಚ್ಚಬೇಕಾಗದಷ್ಟು ಬೆಳಕು, ಇಷ್ಟೇ ನನ್ನ ಹಟ. ಇಂಥ ಹಟ ಹಿಡಿದವಳು ನಗುವಿಗಾಗಿ ಎಲ್ಲೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಡಿಪಾಯ ತೋಡಿ ಮುಗಿಸುವುದರೊಳಗೆ ಅದೇ ಬಂದು ಕಟ್ಟೆಯ ಮೇಲೆ ಕೂತಿರುತ್ತದೆ.

ಅವಸರದ ಪೂಜೆ

ಬೀದರ ನಗರದಲ್ಲಿ ನಿವೃತ್ತ ಗಣಿತದ ಟೀಚರ್ ಒಬ್ಬರಿಗೆ ಮನೆ ಮಾಡಿಕೊಟ್ಟೆ. ಗೋಡೆಗೆ ಸಿಮೆಂಟು ಮೆತ್ತಿದ ಗಿಲಾವ್ ಇಲ್ಲ, ಬಣ್ಣ ಇಲ್ಲ. ಕೆಂಪುಕಲ್ಲನ್ನು ನೀಟಾಗಿ ಕಟ್ಟಿ, ಸಂದುಗಳನ್ನಷ್ಟೇ ತುಂಬಿ ಬಿಟ್ಟಿದ್ದೆವು. ಟೀಚರಿಗೆ ಅದೇ ಬೇಕಿತ್ತು.

ಗೃಹಪ್ರವೇಶಕ್ಕೆ ಹುಮನಾಬಾದಿನಿಂದ ಅವರ ಅಣ್ಣ ಬಂದರು. ಕೈಯಲ್ಲಿ ಉಡುಗೊರೆಯ ಗೋಡೆ ಗಡಿಯಾರ. ಮನೆಯೆಲ್ಲ ಒಂದು ಸುತ್ತು ಹಾಕಿ, ಗೋಡೆಯ ಮೇಲೆ ಕೈಯಾಡಿಸಿ, ತಂಗಿಯನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದರು: "ಇಷ್ಟು ಅವಸರ ಯಾಕ ಮಾಡಿದಿ? ಗಿಲಾವ್ ಆದಮ್ಯಾಲ ಪೂಜಿ ಇಟ್ಟುಕೋಬಹುದಿತ್ತು."

ಮನೆ ಇರುವುದೇ ಹೀಗೆ ಎಂದು ಟೀಚರ್ ಎಷ್ಟು ತಿಳಿಸಿ ಹೇಳಿದರೂ ಅವರು ಒಪ್ಪಲಿಲ್ಲ. ನನ್ನನ್ನು ಒಮ್ಮೆ ಕೆಳಗಿನಿಂದ ಮೇಲೆ ನೋಡಿ, ಊಟ ಮಾಡಿ, ಮನೆ ಮುಗಿದ ದಿನ ಕೊಡುತ್ತೇನೆಂದು ಗಡಿಯಾರವನ್ನು ವಾಪಸು ಒಯ್ದರು.

ಬೇಸಿಗೆಯಲ್ಲಿ ಮತ್ತೆ ಬಂದರು. ಹೊರಗೆ ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಒಳಗೆ ತಣ್ಣಗಿದ್ದ ಫರ್ಸಿಯ ಮೇಲೆ ಟವೆಲ್ ಹಾಸಿ ಅಡ್ಡಾದವರು, ಬಸ್ಸು ತಪ್ಪಿದ ಮೇಲೇ ಎದ್ದರು. ಮುಂದಿನ ವಾರ ಗಡಿಯಾರ ಬಂತು. ಕೊನೆಗೂ ಮನೆ ಮುಗಿದಂತೆ ಕಂಡಿತೇ ಎಂದು ಟೀಚರ್ ಕೇಳಿದರಂತೆ.

"ಮನಿ ಮಾತು ಬಿಡು," ಅಂದರಂತೆ ಅಣ್ಣ. "ಇಲ್ಲಿ ನಿದ್ದಿ ಬಾಳ ಹತ್ತತದ. ಗಡಿಯಾರ ಇಲ್ಲದಿದ್ರ ಏಳೋದು ಹ್ಯಾಂಗ?"

ಖರೇ ಬಣ್ಣ

ಭಾಲ್ಕಿಯ ಸೀರೆ ಅಂಗಡಿಯ ಸಾವಕಾರರು ನಡುಮನೆಯ ಮಾಳಿಗೆಗೆ ಬೆಳಕಿಂಡಿ ಬೇಡವೇ ಬೇಡ ಎಂದರು. ತೂತು ಕಂಡರೆ ಬೀಗರು ಮನೆ ಸೋರುತ್ತದೆ ಅಂದುಕೊಳ್ಳುತ್ತಾರಂತೆ. ಅವರ ಹೆಂಡತಿ ಬೇಕೇ ಬೇಕು ಎಂದರು. ಹೆಂಡತಿ ಗೆದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಸಾವಕಾರರ ಫೋನು: ತಕ್ಷಣ ಬರ್ರಿ. ಗಾಜಿನ ಸಂದಿನಿಂದ ನೀರು ಇಳಿದಿರಬೇಕು ಎಂದು ಓಡಿದೆ. ಒಂದು ಹನಿಯೂ ಇಳಿದಿರಲಿಲ್ಲ. ಬೆಳಕಿಂಡಿಯ ಕೆಳಗೆ ಸೀರೆಗಳ ರಾಶಿ, ಸುತ್ತ ಓಣಿಯ ಹೆಂಗಸರು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನವಿಲು ಬಣ್ಣವೆಂದು ಕೊಂಡು ಒಯ್ದ ಸೀರೆ ಈ ಬೆಳಕಿನಲ್ಲಿ ಬೂದಿ ಬಣ್ಣವಾಗಿ ಕಂಡಿತ್ತು. ಮೊದಲು ಕಂಡುಹಿಡಿದವರು ಸಾವಕಾರರ ಹೆಂಡತಿಯೇ. ಓಣಿಯವರನ್ನು ಕರೆದವರೂ ಅವರೇ.

ಸಾವಕಾರರು ನನ್ನನ್ನು ಹೊರಗೆ ಕರೆದೊಯ್ದರು. "ಮೇಡಂ, ಹಿಂಗಾದ್ರ ಮಾರಿದ್ದೆಲ್ಲಾ ವಾಪಸ್ ಬರ್ತದ. ಅಂಗಡಿ ಮಾಳಿಗಿಗೂ ಒಂದು ತೂತು ಹೊಡೀರಿ."

ಆಯಿ ಹೊಸ್ತಿಲು ದಾಟಿದ್ದು

ಔರಾದ್ ಕಡೆಯ ಠಾಣಾ ಕುಶನೂರಿನಲ್ಲಿ ಕುರಿ ಸಾಕುವ, ತೊಗರಿ ಬೆಳೆಯುವ ಒಂದು ಮನೆತನ. ಹಳೆಯ ಮನೆಯ ಅಡುಗೆಕೋಣೆ ಹಗಲಲ್ಲೂ ಕತ್ತಲೆ. ಅದಕ್ಕೇ ಸೊಸೆ ಹಟ ಹಿಡಿದು ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿದಳು. ದಕ್ಷಿಣದ ಬಿಸಿಲು ಚಳಿಗಾಲದಲ್ಲಿ ಒಳಗೆ ಬರುವಂತೆ ಪಡಸಾಲೆ ಮಾಡಿದೆ. ಹೊಗೆ ಹೋಗಿ ಬೆಳಕು ಬರಲೆಂದು ಅಡುಗೆಕೋಣೆಗೆ ಇಟ್ಟಂಗಿಗಳ ನಡುವೆ ಕಿಂಡಿ ಬಿಟ್ಟು ಜಾಳಿಗೆ ಗೋಡೆ ಎತ್ತಿಸಿದೆ.

ಅತ್ತೆಗೆ, ಊರೆಲ್ಲ ಆಯಿ ಎಂದು ಕರೆಯುವ ಮುದುಕಿಗೆ, ಇದು ಸೇರಲಿಲ್ಲ. ಜಾಳಿಗೆಯಲ್ಲಿ ಕೋಲು ತೂರಿಸಿ ನನ್ನನ್ನು ಕೇಳಿದಳು: "ಇಟ್ಟಂಗಿ ಕಮ್ಮಿ ಬಿದ್ದಾವೇನ ತಂಗಿ?" ಈ ಮನೆಗೆ ಕಾಲಿಡುವುದಿಲ್ಲ ಎಂದಳು. ಇಡಲೂ ಇಲ್ಲ. ಗೃಹಪ್ರವೇಶದ ದಿನ ಹಳೆಯ ಮನೆಯ ಬಾಗಿಲಲ್ಲಿ ನಮಗೆ ಬೆನ್ನು ಹಾಕಿ ಕೂತಳು. ಬಂದ ನೆಂಟರು ಪಿಸುಗುಟ್ಟಿದರು. ಸೊಸೆ ಕಣ್ಣೊರೆಸಿಕೊಳ್ಳುತ್ತ ಹೋಳಿಗೆ ಬಡಿಸಿದಳು. ಹಿರಿಯರು ಒಪ್ಪದ ಮನೆ ಎಷ್ಟು ಚಂದವಿದ್ದರೇನು ಎಂದು ನನಗೂ ಅನ್ನಿಸಿತು.

ಚಳಿಗಾಲ ಬಂತು. ಕುರಿಯೊಂದು ಮರಿ ಹಾಕಿತು. ಮರಿ ನಡುಗುತ್ತಿತ್ತು, ಏಳುತ್ತಿರಲಿಲ್ಲ, ಹಾಲಿಗೂ ಬಾಯಿ ಹಾಕುತ್ತಿರಲಿಲ್ಲ. ಹಳೆಯ ಮನೆಯೊಳಗೆ ಥಂಡಿ, ಅಂಗಳದಲ್ಲಿ ಗಾಳಿ. ಹೊಸ ಪಡಸಾಲೆಯಲ್ಲಿ ಬಿಸಿಲು ಬಿದ್ದಿದೆ, ಗಾಳಿಯೂ ಇಲ್ಲ ಎಂದಷ್ಟೇ ಸೊಸೆ ಹೇಳಿದಳು. ಮರಿ ಒಯ್ಯಿ, ನಾ ಬರುವುದಿಲ್ಲ ಎಂದಳು ಆಯಿ.

ಮರಿಯನ್ನು ಬಿಸಿಲಲ್ಲಿ ಮಲಗಿಸಿದರು. ಆಯಿ ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದಳು. ಬಿಸಿಲು ಸರಿಯಿತು, ಮರಿ ನೆರಳಿಗೆ ಬಿತ್ತು. ಸೊಸೆ ಬೇಕಂತಲೇ ಅಡುಗೆಕೋಣೆಯಿಂದ ಹೊರಗೆ ಬರಲಿಲ್ಲ. ಮುದುಕಿ ಬೈಯುತ್ತ ಒಳಗೆ ಬಂದು ಮರಿಯನ್ನು ಬಿಸಿಲಿಗೆ ಸರಿಸಿದಳು. ಬಿಸಿಲು ಮತ್ತೆ ಸರಿಯಿತು, ಅವಳೂ ಮತ್ತೆ ಸರಿಸಿದಳು. ಸಂಜೆಗೆ ಮರಿ ಎದ್ದು ನಿಂತು ಹಾಲು ಕುಡಿಯಿತು. ರೊಟ್ಟಿ ಹಳೆಯ ಮನೆಗೆ ತರಲೇ ಎಂದು ಸೊಸೆ ಕೇಳಿದಾಗ ಆಯಿ ತಲೆ ಎತ್ತದೆ, "ಇಲ್ಲೇ ತಾ" ಅಂದಳು. ಆ ಸುದ್ದಿ ಫೋನಿನಲ್ಲಿ ಕೇಳಿ ನಾನು ಆಫೀಸಿನಲ್ಲಿ ಎಲ್ಲರಿಗೂ ಪೇಢಾ ಹಂಚಿದೆ.

ಮನೆ ಕಟ್ಟಿಸಬೇಕೆಂದಿದ್ದ ಎಕಂಬಾ ಊರಿನ ಗಂಡಹೆಂಡತಿಯನ್ನು ಆಮೇಲೊಮ್ಮೆ ಅಲ್ಲಿಗೆ ಕರೆದೊಯ್ದೆ. ನಾನು ಬಾಯಿ ತೆರೆಯುವ ಮೊದಲೇ ಆಯಿ ಕೋಲು ಹಿಡಿದು ಎದ್ದಳು. ಚಳಿಗಾಲದ ಬಿಸಿಲು ಎಲ್ಲಿಯವರೆಗೆ ಬರುತ್ತದೆ, ಬೇಸಿಗೆಯಲ್ಲಿ ಯಾಕೆ ಬರುವುದಿಲ್ಲ, ಜಾಳಿಗೆಯಿಂದ ಹೊಗೆ ಹೇಗೆ ಹೋಗುತ್ತದೆ, ಒಂದೂ ಬಿಡದೆ ತೋರಿಸಿದಳು. ಎಲ್ಲ ಗೃಹಪ್ರವೇಶದ ದಿನ ನಾನು ನೆಂಟರಿಗೆ ಹೇಳಿದ್ದ ಮಾತುಗಳೇ. ಬೆನ್ನು ಹಾಕಿ ಕೂತಾಗಲೂ ಕಿವಿ ಈ ಕಡೆಗೇ ಇದ್ದವು ಅಂತಾಯಿತು.

ಎಕಂಬಾದವರು ಬೆರಗಾಗಿ, ಈ ನಕ್ಷೆ ಯಾರದು ಎಂದು ಕೇಳಿದರು. ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದೆ.

"ನಂದೇ ಅದ," ಅಂದಳು ಆಯಿ. ಆಮೇಲೆ ಕೋಲು ನನ್ನತ್ತ ತಿರುಗಿಸಿ, "ಈಕಿ ಚಲೋ ಹುಡುಗಿ. ಕಲೀಲಾಕ ನನ್ನ ಬಲ್ಲಿ ಬರ್ತಾಳ."

ಎಕಂಬಾದವರು ಕೆಲಸವನ್ನು ನನಗೇ ಕೊಟ್ಟರು. ನಕ್ಷೆಯನ್ನು ಮೊದಲು ಆಯಿಗೆ ತೋರಿಸಿ ತರಬೇಕು ಎಂಬ ಷರತ್ತಿನ ಮೇಲೆ.