ಫಕ್ಕೀರೇಶನ ಮೇವಿನ ಅಂದಾಜು

ಚಿಕ್ಕೇರೂರಿನ ಫಕ್ಕೀರೇಶನಿಗೆ ಅಂದಾಜು ಹಾಕುವುದೊಂದು ಚಟ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ಇವನಿಗೆ ಅಂದಾಜು. ಬಸ್ಸು ಹತ್ತಿದರೆ ಪಕ್ಕದವನ ಚೀಲದಲ್ಲಿ ಎಷ್ಟು ಕಿಲೋ ಗೊಬ್ಬರ ಇರಬಹುದು ಅಂತ ಅಂದಾಜು, ಮದುವೆಗೆ ಹೋದರೆ ಸಾರಿಗೆ ಎಷ್ಟು ಬೇಳೆ ಬಿದ್ದಿರಬಹುದು ಅಂತ ಅಂದಾಜು. ಸುಳ್ಳು ಯಾಕೆ ಹೇಳಬೇಕು, ಅವನ ಅಂದಾಜು ಬಹಳಷ್ಟು ಸಲ ಸರಿಯೇ ಇರುತ್ತಿತ್ತು. ಆದರೆ ಪ್ರತಿ ಸಲವೂ ಏನೋ ಒಂದನ್ನು ಅದರಲ್ಲಿ ಸೇರಿಸಲು ಮರೆತುಬಿಡುತ್ತಿದ್ದ. ಈ ಸಲ ಓಣಿಯ ಜನರನ್ನು ಮರೆತಿದ್ದ.

ಅವನಿಗೆ ಎರಡು ಎಮ್ಮೆ. ಹೆಂಡತಿ ಶೈಲಾ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಹಗಲೆಲ್ಲ ಊರ ಮಕ್ಕಳಿಗೆ ಬೇಯಿಸಿ ಹಾಕಿ, ಸಂಜೆ ಬಂದು ಎರಡು ಎಮ್ಮೆಗೆ ಮೇವು ಕೊಯ್ದು ಹಾಕಿ ಅವಳ ರಟ್ಟೆ ಬಿದ್ದುಹೋಗಿದ್ದವು. ಒಂದು ಎಮ್ಮೆಯನ್ನು ಆಡೂರಿನ ತನ್ನ ಅಣ್ಣ ಹನುಮಂತಪ್ಪನಿಗೆ ಕೊಟ್ಟು ಕೈ ತೊಳೆದುಕೊಳ್ಳೋಣ ಎಂದು ಅವಳು ದೀಪಾವಳಿಯಿಂದಲೂ ಹೇಳುತ್ತಿದ್ದಳು. ಹನುಮಂತಪ್ಪನೂ ಒಯ್ಯಲು ತಯಾರಿದ್ದ. ಆದರೆ ಅವಳು ತೋರಿಸಿದ ಎಮ್ಮೆ ಫಕ್ಕೀರೇಶನ ತಂಗೆವ್ವ. ತಾಯಿ ಸತ್ತ ಕರುವಿಗೆ ಅವನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿ, ಅವನೇ ಆ ಹೆಸರಿಟ್ಟಿದ್ದ. ತಂಗೆವ್ವ ಕೊಟ್ಟಿಗೆಯಲ್ಲಿ ಇಲ್ಲದ ದಿನ ತನಗೆ ಅನ್ನ ಸೇರುವುದಿಲ್ಲ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಅದಕ್ಕೇ ಅವನು ಅಂದಾಜಿಗೆ ಕೂತದ್ದು. ಮನೆಯ ಹಿಂದಿನ ಹತ್ತು ಗುಂಟೆಯಲ್ಲಿ ಗೋವಿನಜೋಳ ಬಿಟ್ಟು ನೇಪಿಯರ್ ಹುಲ್ಲು ಹಚ್ಚಿದ್ದ. ಶಿಗ್ಗಾವಿಯಿಂದ ಕಡ್ಡಿ ತಂದು, ಓಣಿಯವರನ್ನು ಕರೆದು ನಾಟಿ ಮಾಡಿಸಿದ್ದ. ಈಗ ಅದು ಆಳೆತ್ತರ ನಿಂತಿತ್ತು. ದಿನಕ್ಕೆ ಎರಡು ಹೊರೆಯಂತೆ ಈ ಬದಿಯಿಂದ ಕೊಯ್ಯುತ್ತ ಹೋದರೆ, ಆ ಬದಿ ಮುಟ್ಟುವಷ್ಟರಲ್ಲಿ ಈ ಬದಿ ಮತ್ತೆ ಚಿಗುರಿ ನಿಲ್ಲುತ್ತದೆ. ಒಂದು ಮೇವು ಕತ್ತರಿಸುವ ಮಷೀನು ಬಂದರೆ ಮೇವು ಪೋಲಾಗುವುದಿಲ್ಲ, ಯಾರ ಕೈಯೂ ನೋಯುವುದಿಲ್ಲ. ಮಷೀನಿಗೆ ಇಷ್ಟು, ಮೋಟಾರಿಗೆ ಇಷ್ಟು, ವೈರಿಗೆ ಇಷ್ಟು ಎಂದು ಬೆರಳು ಮಡಿಚಿ ಹೇಳಿ, ಕೊನೆಗೆ ತನ್ನ ಜಾಣತನದ ಮಾತನ್ನೂ ಸೇರಿಸಿದ. ಓಣಿಯವರ ಮೇವನ್ನೂ ಬಾಡಿಗೆಗೆ ಕತ್ತರಿಸಿ ಕೊಟ್ಟರೆ ಒಂದೇ ವರ್ಷದಲ್ಲಿ ಮಷೀನಿನ ದುಡ್ಡು ವಾಪಸು.

ಶೈಲಾ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿದಳು.

"ಬಾಯಿ ಲೆಕ್ಕ ಸಾಕು. ನಾಳಿ ಒಂದಿನ ಮಾಡಿ ತೋರಸ್ರಿ. ಸಂಜಿಮುಂದ ನಾ ಬರೂದ್ರಾಗ ಎರಡೂ ಗೋದಲಿ ತುಂಬಿರಬೇಕು. ತುಂಬಿದ್ರ ಮಷೀನು ಇರ್ಲಿ, ಎಮ್ಮೀನೂ ಇರ್ಲಿ. ಇಲ್ಲಂದ್ರ ಅಣ್ಣ ಟೆಂಪೋ ತರ್ತಾನ, ತಂಗೆವ್ವನ್ನ ಹತ್ತಸ್ರಿ."

ಎಮ್ಮೆ ಮೇಯುವ ಎರಡು ಗೋದಲಿ ತುಂಬಿಸಲು ಮಷೀನಿಗೆ ಅರ್ಧ ತಾಸು ಸಾಕು. ಫಕ್ಕೀರೇಶ ನಗುತ್ತಲೇ ಒಪ್ಪಿಕೊಂಡ.

ಹಿರೇಕೆರೂರಿನಲ್ಲಿ ಇನಾಯತನದೊಂದು ಕೃಷಿ ಸಾಮಾನಿನ ಅಂಗಡಿ. ಸವಣೂರಿನ ಕಡೆಯವನು, ಮಾತಿನಲ್ಲಿ ಜೇನು. ಫಕ್ಕೀರೇಶ ಆಗಲೇ ಅವನಿಗೆ ಫೋನು ಮಾಡಿದ. ಒಂದು ದಿನ ಇಟ್ಟುಕೊಂಡು ನೋಡ್ರಿ, ಪಾಸಾದರೆ ದುಡ್ಡು, ಇಲ್ಲವಾದರೆ ಸಂಜೆ ಬಂದು ಒಯ್ಯುತ್ತೇನೆ ಎಂದು ಹೇಳಿ, ಮರುದಿನ ಬೆಳಗ್ಗೆಯೇ ಮಷೀನು ತಂದು ಕೊಳವೆಬಾವಿಯ ಪಕ್ಕದಲ್ಲಿ ಕೂರಿಸಿ ಹೋದ. ತ್ರೀ ಫೇಸ್ ಕರೆಂಟು ಮಧ್ಯಾಹ್ನದವರೆಗೆ ಇತ್ತು. ಫಕ್ಕೀರೇಶ ಮಷೀನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕುಡುಗೋಲು ಹಿಡಿದು ಹುಲ್ಲಿನ ಕಡೆ ತಿರುಗಿದ. ತಿರುಗಿದ ಅಷ್ಟೇ. ಕಾಯಿ ಒಡೆದ ಸದ್ದಿಗೆ ಬೇಲಿಯ ಆಚೆಯಿಂದ ಲಕ್ಕಪ್ಪನ ತಲೆ ಮೇಲೆದ್ದಿತು.

ಪಕ್ಕದ ಮನೆಯ ಲಕ್ಕಪ್ಪ ಊರಿಗೆಲ್ಲ ಕಾಕಾ. ತನಗೆ ಗೊತ್ತಿಲ್ಲದ ವಿಷಯ ಒಂದಿದೆ ಎಂಬುದನ್ನು ಅವನು ಅರವತ್ತು ವರ್ಷಗಳಲ್ಲಿ ಒಮ್ಮೆಯೂ ಒಪ್ಪಿಕೊಂಡವನಲ್ಲ. ಮಷೀನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಸಿ ಹುಲ್ಲನ್ನು ಮಗುವಿನ ಹಲ್ಲೂ ಕಡಿಯುತ್ತದೆ, ಮಷೀನಿನ ಯೋಗ್ಯತೆ ಗೊತ್ತಾಗಬೇಕಾದರೆ ಒಣ ಸೊಪ್ಪೆ ಹಾಕಬೇಕು ಎಂದ. ಫಕ್ಕೀರೇಶ ಕುಡುಗೋಲು ಕೆಳಗಿಡುವಷ್ಟರಲ್ಲಿ ತನ್ನ ಮನೆಯ ಗೋವಿನಜೋಳದ ಸೊಪ್ಪೆಯ ಹೊರೆಯನ್ನೇ ಹೊತ್ತು ತಂದು ಇಳಿಸಿದ. ಮಷೀನು ಅದನ್ನು ಕರಕರನೆ ನುಂಗಿ ನುಣ್ಣಗೆ ಉಗುಳಿತು. ಲಕ್ಕಪ್ಪ ಪರವಾಗಿಲ್ಲ ಎಂದು ತಲೆಯಾಡಿಸಿ, ಒಂದು ಹೊರೆಗೆ ಏನೂ ಗೊತ್ತಾಗುವುದಿಲ್ಲವೆಂದು ಇನ್ನೆರಡು ತಂದ.

ಆಮೇಲೆ ಎದುರುಮನೆಯ ಮುದಕವ್ವ ಬಂದಳು. ನೋಡಲು ಬಂದೆ ಎಂದಳು, ಆದರೆ ಅವಳ ಹಿಂದೆ ಅವಳ ಇಬ್ಬರು ಗಂಡುಮಕ್ಕಳು ತಲೆಯ ಮೇಲೆ ಹೊರೆ ಹೊತ್ತು ಬರುತ್ತಿದ್ದರು. ಅವರನ್ನು ನೋಡಿ ಮೂಲೆಮನೆಯ ಅಜ್ಜಪ್ಪ ಚಕ್ಕಡಿಯನ್ನೇ ಹೂಡಿಕೊಂಡು ಬಂದ. ಅವನ ಹಿಂದೆ ಓಣಿಗೆ ಓಣಿಯೇ ಬಂತು. ಎಲ್ಲರಿಗೂ ಒಂದೇ ಮಾತು, ಹೆಂಗೂ ಮಷೀನು ತಿರುಗುತ್ತಿದೆ, ನಮ್ಮದೂ ಒಂದು ಹೊರೆ ಆಗಿಹೋಗಲಿ. ಫಕ್ಕೀರೇಶ ಬೆವರು ಸುರಿಸುತ್ತ ಸೊಪ್ಪೆ ತಳ್ಳಿದ. ಅವನ ಹುಲ್ಲು ಮಾತ್ರ ಗಾಳಿಗೆ ತೂಗಾಡುತ್ತ ಹೊಲದಲ್ಲೇ ನಿಂತಿತ್ತು. ನಡುವೆ ಎರಡು ಸಲ ಕುಡುಗೋಲು ಹಿಡಿದು ಅತ್ತ ಹೊರಟ. ಎರಡೂ ಸಲ ಯಾರೋ ತೋಳು ಹಿಡಿದು, ನಿನ್ನದು ಎಲ್ಲಿಗೆ ಓಡಿ ಹೋಗುತ್ತದೆ, ಮೊದಲು ಬಂದವರನ್ನು ಕಳಿಸು ಎಂದು ಬುದ್ಧಿ ಹೇಳಿ ವಾಪಸು ಕರೆತಂದರು.

ಹೊತ್ತು ಏರಿತು. ಮಧ್ಯಾಹ್ನ ಕರೆಂಟು ಹೋಗುವುದಂತೂ ಖಂಡಿತ. ಒಳಗೊಳಗೇ ಕುದಿಯುತ್ತಿದ್ದ ಫಕ್ಕೀರೇಶ, ಮುದಕವ್ವನ ಮಕ್ಕಳು ಮತ್ತೊಂದು ಸುತ್ತು ಹೊರೆ ತಂದಾಗ ತಡೆಯಲಾರದೆ ಬಾಯಿಬಿಟ್ಟ. ಜೋರಾಗಿ ಅಲ್ಲ, ಮಷೀನಿನ ಕಡೆ ಮುಖ ಮಾಡಿಕೊಂಡು, ಅದಕ್ಕೇ ಹೇಳುವವನ ಹಾಗೆ.

"ಅಲ್ಲ, ಹೊರಿಗೆ ಇಷ್ಟು ಅಂತ ಒಂದು ಬಾಡಿಗಿ ಮಾಡಿದ್ರ ಹೆಂಗಾಕ್ಕೈತಿ ಅಂತ ಅನಕೊಂಡಿದ್ದೆ."

ಮಷೀನು ತಿರುಗುತ್ತಲೇ ಇತ್ತು, ಹೊರೆ ಇಳಿಸುತ್ತಿದ್ದ ಕೈಗಳು ನಿಂತವು. ಆ ಓಣಿಯಲ್ಲಿ ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ದುಡಿಯುವುದು, ಅವರು ಬಂದು ಇವರ ಹೊಲದಲ್ಲಿ ದುಡಿದು ತೀರಿಸುವುದು, ಇದು ತಲೆಮಾರುಗಳಿಂದ ಬಂದ ಮುಯ್ಯಿ. ಅದಕ್ಕೆ ಬಾಡಿಗೆ ಕೇಳುವುದೆಂದರೆ ಉಂಡ ಮನೆಯಲ್ಲಿ ಕೈ ತೊಳೆದು ಬಿಲ್ಲು ಎಷ್ಟು ಎಂದು ಕೇಳಿದ ಹಾಗೆ. ಮುದಕವ್ವ ಸೆರಗು ಸರಿ ಮಾಡಿಕೊಂಡಳು.

"ಫಕ್ಕೀರಾ, ನಿನ್ನ ಹುಲ್ಲು ಹಚ್ಚೂ ಮುಂದ ನನ್ನ ಮಕ್ಕಳು ಎರಡು ದಿನ ಕೆಸರಾಗ ನಿಂತಿದ್ರು. ನಾ ಪಗಾರ ಕೇಳಿದ್ನೇನು?"

ಇಲ್ಲ ಆಯಿ, ನೀ ಕೇಳಲಿಲ್ಲ ಎಂದು ಫಕ್ಕೀರೇಶ ತಡವರಿಸಿದ. ನಾಟಿಗೆ ಎತ್ತು ಕೊಟ್ಟದ್ದನ್ನು ಲಕ್ಕಪ್ಪ ನೆನಪಿಸಿದ. ಅಜ್ಜಪ್ಪ ತಾನು ಗೊಬ್ಬರ ಹೊಡೆದದ್ದನ್ನು ನೆನಪಿಸಿದ. ಫಕ್ಕೀರೇಶ ತಪ್ಪಾಯಿತು ಎನ್ನುತ್ತ, ಪ್ರಾಯಶ್ಚಿತ್ತವೆಂಬಂತೆ ಕೈಗೆ ಸಿಕ್ಕ ಸೊಪ್ಪೆಯನ್ನೆಲ್ಲ ಒಮ್ಮೆಗೇ ಮಷೀನಿನ ಬಾಯಿಗೆ ತುರುಕಿದ. ಆ ಹೊರೆಗೆ ಕಟ್ಟಿದ್ದ ತಂತಿಯೂ ಒಳಗೆ ಹೋಯಿತು. ಠಣ್ ಎಂದು ಸದ್ದಾಗಿ ಬ್ಲೇಡಿನ ಬೋಲ್ಟು ಮುರಿದು ಮಷೀನು ನಿಂತಿತು.

ಇನ್ನು ಅಳುವುದೊಂದೇ ಬಾಕಿ. ಫಕ್ಕೀರೇಶ ಬೈಕು ಹತ್ತಿ ಬೋಲ್ಟಿಗಾಗಿ ಹಿರೇಕೆರೂರಿಗೆ ಹೊರಟ. ಅಲ್ಲಿ ಅವತ್ತು ಸಂತೆ. ಮೆಣಸಿನಕಾಯಿ ಚೀಲಗಳ ನಡುವೆ ಬೈಕು ನೂಕಿಕೊಂಡು ಇನಾಯತನ ಅಂಗಡಿ ಮುಟ್ಟುವಷ್ಟರಲ್ಲಿ ಅರ್ಧ ಜೀವ ಆಗಿದ್ದ. ಇನಾಯತ ಚಹಾ ಕುಡಿಸಿ, ಬೋಲ್ಟು ಕೊಟ್ಟು, ಸಂಜೆ ಬರುತ್ತೇನೆ ಎಂದು ನೆನಪಿಸಿ ಕಳಿಸಿದ. ಕರೆಂಟು ಹೋಗುವುದರೊಳಗೆ ಮುಟ್ಟಿದರೆ ಸಾಕು ಎಂದು ಫಕ್ಕೀರೇಶ ದಾರಿಯಲ್ಲಿ ಕಂಡ ದೇವರಿಗೆಲ್ಲ ಕೈ ಮುಗಿದ.

ಬಂದು ನೋಡುತ್ತಾನೆ, ಹೊಲದಲ್ಲಿ ಹುಲ್ಲಿಲ್ಲ. ಈ ಬದಿಯಿಂದ ಆ ಬದಿಯವರೆಗೆ ಬರೀ ಮೋಟು. ಅಂಗಳದಲ್ಲಿ ಮನೆಯ ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ನೇಪಿಯರ್ ಬಿದ್ದಿತ್ತು. ಓಣಿಯವರೆಲ್ಲ ಕುಡುಗೋಲು ಒರೆಸಿಕೊಳ್ಳುತ್ತ ಬೇವಿನಮರದ ನೆರಳಿನಲ್ಲಿ ಕೂತಿದ್ದರು. ಲಕ್ಕಪ್ಪ ಎದ್ದು ಬಂದ.

"ಬಾಡಿಗಿ ಅಂದೆಲ್ಲಪ್ಪ. ನಮಗ ಒಬ್ಬರ ಹಂಗು ಬ್ಯಾಡ. ನೀ ನಮ್ಮ ಮೇವು ಕತ್ತರಿಸಿದಿ, ನಾವು ನಿಂದು ಕೊಯ್ದೇವಿ. ಮುಯ್ಯಿ ತೀರ್ತು."

ದಿನಕ್ಕೆ ಎರಡು ಹೊರೆಯಂತೆ ಬೇಸಿಗೆಯುದ್ದಕ್ಕೂ ಬರಬೇಕಾಗಿದ್ದ ಮೇವು ಅದು. ಹೀಗೆ ಬಿದ್ದರೆ ಮೂರು ದಿನಕ್ಕೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಫಕ್ಕೀರೇಶನಿಗೆ ಅವರನ್ನು ಬೈಯಬೇಕು ಅನಿಸಿತು, ಆದರೆ ಅಷ್ಟೂ ಜನರ ಕೈಗಳು ಹುಲ್ಲಿನ ಅಂಚು ತಾಗಿ ಗೀರಿಕೊಂಡಿದ್ದವು. ಎಲ್ಲರಿಗೂ ಚಹಾ ಮಾಡಿಕೊಟ್ಟು ಕಳಿಸಿದ. ಬೋಲ್ಟು ಹಾಕಿ ಸ್ವಿಚ್ಚು ಒತ್ತಿದ. ಕರೆಂಟು ಹೋಗಿತ್ತು.

ತಲೆಯ ಮೇಲೆ ಕೈ ಹೊತ್ತು ಕೂತವನಿಗೆ ಅಷ್ಟರಲ್ಲೂ ಒಂದು ಅಂದಾಜು ಹೊಳೆಯಿತು. ಗೋದಲಿ ತುಂಬಿರಬೇಕು ಅಂದಿದ್ದಾಳೆ, ಮಷೀನಿನಿಂದಲೇ ಅಂದಿಲ್ಲ. ಹನುಮಂತಪ್ಪ ಟೆಂಪೋ ಹೊರಡಿಸುವ ಮೊದಲೇ ತಡೆದುಬಿಟ್ಟರೆ ತಂಗೆವ್ವ ಉಳಿದ ಹಾಗೆಯೇ. ತಕ್ಷಣ ಫೋನು ಹಚ್ಚಿದ. ಧ್ವನಿಯಲ್ಲಿ ಆದಷ್ಟು ಜಂಬ ತುಂಬಿದ.

"ಮಾವಾರ, ಇವತ್ತ ಎಮ್ಮಿ ಒಯ್ಯೂದು ಬ್ಯಾಡ್ರಿ. ನಮ್ಮ ಹುಲ್ಲು ಭಾರಿ ಬಂದೈತಿ. ಅಂಗಳ ತುಂಬೇತಿ, ಇಡಾಕ ಜಾಗಾ ಇಲ್ಲ."

ಹನುಮಂತಪ್ಪ ಕಡಿಮೆ ಮಾತಿನವನು. ಹೌದೇನು, ಛಲೋ ಆತು ಬಿಡಪ್ಪ ಎಂದಷ್ಟೇ ಹೇಳಿ ಫೋನಿಟ್ಟ. ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಫಕ್ಕೀರೇಶ ಎಣಿಸಿರಲಿಲ್ಲ. ಮೈಯಲ್ಲಿ ಹೊಸ ಕಸುವು ಬಂತು. ನೆಲಕ್ಕೆ ಕೂತು ಕೈಯಿಂದಲೇ ಹುಲ್ಲು ತುಂಡು ಮಾಡತೊಡಗಿದ. ಅಂಗೈಯಲ್ಲಿ ಬೊಬ್ಬೆ ಬಂದವು, ಬೆನ್ನು ಹಿಡಿದುಕೊಂಡಿತು. ಶೈಲಾ ದಿನಾ ಯಾಕೆ ಸಿಡಿಮಿಡಿ ಮಾಡುತ್ತಾಳೆಂಬುದು ಮದುವೆಯಾದ ಇಷ್ಟು ವರ್ಷಕ್ಕೆ ಅವನಿಗೆ ಮೊದಲ ಸಲ ಅರ್ಥವಾಯಿತು. ಆದರೂ ಬಿಡಲಿಲ್ಲ. ಹೊತ್ತು ಇಳಿಯುವಾಗ ಎರಡೂ ಗೋದಲಿ ತುಂಬಿ ತುಳುಕುತ್ತಿದ್ದವು. ತಂಗೆವ್ವ ಕಣ್ಣು ಅರೆಮುಚ್ಚಿ ಮೇಯುತ್ತಿದ್ದಳು.

ಶೈಲಾ ಬಂದಳು. ಗೋದಲಿ ನೋಡಿದಳು, ಅಂಗಳದ ಗುಡ್ಡ ನೋಡಿದಳು, ಬೋಳು ಹೊಲ ನೋಡಿದಳು, ಗಂಡನ ಕೈ ನೋಡಿದಳು. ಇಷ್ಟೂ ಒಂದೇ ದಿನ ಯಾಕೆ ಕೊಯ್ದಿರಿ ಎಂದು ಕೇಳಿದಳು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಗೋದಲಿ ತುಂಬಿದೆಯೋ ಇಲ್ಲವೋ ಹೇಳು ಎಂದ. ತುಂಬಿದೆ ಎಂದು ಅವಳು ಒಪ್ಪಲೇಬೇಕಾಯಿತು. ಮಾತಿಗೆ ತಪ್ಪುವವಳಲ್ಲ ಅವಳು, ತಂಗೆವ್ವ ಇರಲಿ ಎಂದಳು. ಫಕ್ಕೀರೇಶನ ಕಣ್ಣಲ್ಲಿ ನೀರೇ ಬಂತು. ಎದ್ದು ಹೋಗಿ ಎಮ್ಮೆಯ ಕೊರಳು ತುರಿಸಿದ.

ಆಗ ಹೊರಗೆ ಟೆಂಪೋ ನಿಂತ ಸದ್ದಾಯಿತು. ಬಾರದಿರು ಎಂದರೂ ಬಂದನಲ್ಲ ಎಂದು ಫಕ್ಕೀರೇಶ ಎಮ್ಮೆಯ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತ. ಹನುಮಂತಪ್ಪ ಒಳಗೆ ಬಂದು ಹುಲ್ಲಿನ ಗುಡ್ಡವನ್ನು ಸುತ್ತು ಹಾಕಿ ನೋಡಿದ. ಮುಖ ಅರಳಿತು. ಮರಳಿ ಹೋಗಿ ಟೆಂಪೋದ ಹಿಂದಿನ ಬಾಗಿಲು ತೆಗೆದ. ಒಂದರ ಹಿಂದೊಂದು ಎರಡು ಎಮ್ಮೆಗಳು ಇಳಿದು, ಯಾರನ್ನೂ ಕೇಳದೆ ನೆಟ್ಟಗೆ ಅಂಗಳಕ್ಕೆ ಬಂದು ಗುಡ್ಡಕ್ಕೆ ಬಾಯಿ ಹಾಕಿದವು.

"ತಂಗಿಗೆ ಹೂಂ ಅಂದುಬಿಟ್ಟಿದ್ದೆ, ಈಗ ಊರಾಗ ಮೇವಿಲ್ಲ, ಹೆಂಗ್ ಮಾಡ್ಲಿ ಅಂತ ಕುಂತಿದ್ದೆ. ನೀ ಫೋನ್ ಮಾಡಿ ಭಾಳ ಉಪಕಾರ ಮಾಡ್ದಿ ನೋಡು. ಮನಿಯವರು ಇರೂದು ಇದಕ್ಕ."

ಶೈಲಾ ಅಣ್ಣನ ಎಮ್ಮೆಗಳ ಬೆನ್ನು ಸವರಿ, ಎಷ್ಟು ಬಡವಾಗಿದ್ದಾವೆ ಎಂದು ಮರುಗಿದಳು. ನೀರು ಇಡಲು ಒಳಗೆ ಹೋದಳು. ಫಕ್ಕೀರೇಶ ತಂಗೆವ್ವನ ಹಗ್ಗ ಬಿಟ್ಟ.

ಅದೇ ಹೊತ್ತಿಗೆ ಇನಾಯತನೂ ಬಂದ. ನಾಲ್ಕು ಎಮ್ಮೆ ಕಂಡು ಅವನಿಗೆ ಹಬ್ಬವಾಯಿತು. ನಾಲ್ಕಕ್ಕೆ ಈ ಮಷೀನು ಸಾಲುವುದಿಲ್ಲ, ತಾನು ಮೋಸದ ವ್ಯಾಪಾರ ಮಾಡುವವನಲ್ಲ, ಇದರ ಎರಡರಷ್ಟಿನದು ಬೇಕು, ನಾಳೆಯೇ ಅದರ ರೇಟು ಹೇಳುತ್ತೇನೆ ಎಂದ. ಮುರಿದ ಬೋಲ್ಟಿನ ದುಡ್ಡು ಇಸಿದುಕೊಂಡು, ಹನುಮಂತಪ್ಪನ ಕೈಯನ್ನೂ ಹಚ್ಚಿಸಿ ಮಷೀನನ್ನು ಗಾಡಿಗೆ ಏರಿಸಿಕೊಂಡು ಹೋಗಿಬಿಟ್ಟ.

ಫಕ್ಕೀರೇಶ ಬೊಬ್ಬೆ ಬಂದ ಕೈಗಳನ್ನು ನೋಡಿಕೊಂಡ. ಹೊಲ ಬೋಳು, ಮಷೀನು ಇಲ್ಲ, ನಾಲ್ಕು ಬಾಯಿ ಮೇಯುತ್ತಿವೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದರು. ಆದರೆ ಇವನ ತಲೆಯಲ್ಲಿ ಮತ್ತೆ ಲೆಕ್ಕ ಸುರುವಾಗಿತ್ತು. ಹೋದರೆ ಮೇವು ಹೋಗಲಿ, ಎರಡಿದ್ದದ್ದು ನಾಲ್ಕಾಯಿತಲ್ಲ. ನಾಲ್ಕರ ಹಾಲು ಡೈರಿಗೆ ಹಾಕಿದರೆ ಹಿಂಡಿಯ ಖರ್ಚು ಕಳೆದು ಇಷ್ಟು ಉಳಿಯುತ್ತದೆ, ಮುಂದಿನ ದೀಪಾವಳಿಯೊಳಗೆ ದೊಡ್ಡ ಮಷೀನೇ ಬರುತ್ತದೆ. ಅವನ ಮುಖಕ್ಕೆ ಮೆಲ್ಲಗೆ ಕಳೆ ಬಂತು. ಟೆಂಪೋ ಹತ್ತುತ್ತಿದ್ದ ಹನುಮಂತಪ್ಪನ ಹಿಂದೆ ಓಡಿದ.

"ಮಾವಾರ, ಇವು ದಿನಕ್ಕ ಎಷ್ಟು ಹಾಲು ಕೊಡ್ತಾವ್ರಿ?"

"ಈಗೆಲ್ಲಿ ಹಾಲಪ್ಪ? ಎರಡೂ ಗಬ್ಬ ಅದಾವು," ಎಂದ ಹನುಮಂತಪ್ಪ, ಬಾಗಿಲು ಹಾಕಿಕೊಳ್ಳುತ್ತ. "ಛಲೋತ್ನಂಗ ಮೇಯಿಸು. ಈದ ಮರುದಿನ ಬಂದು ಒಯ್ತೇನಿ."