ತಾತನ ಗಡ್ಡ ಮತ್ತು ಅರ್ಧ ಶೆಡ್ಡು

ಡಿಸೆಂಬರ್ ಒಂದನೇ ತಾರೀಖು ಬೆಳಿಗ್ಗೆ ಕ್ಲೈವ್ ಟ್ರೆಂಬಾತ್ ಬ್ರೆಡ್ಡಿಗೆ ಬೆಣ್ಣೆ ಸವರುವ ಚಾಕುವನ್ನು ಖಡ್ಗದಂತೆ ಮೇಲೆತ್ತಿ ಒಂದು ಘೋರ ಪ್ರತಿಜ್ಞೆ ಮಾಡಿದ. ಈ ವರ್ಷದ ಕ್ರಿಸ್‌ಮಸ್ ಅಲಂಕಾರ ಇವತ್ತೇ ಏರುತ್ತದೆ, ಜನವರಿ ಆರರ ಸಂಜೆ ಸೂರ್ಯ ಮುಳುಗುವ ಮೊದಲೇ ಇಳಿಯುತ್ತದೆ. ಒಂದು ಬಲ್ಬು, ಒಂದೆಳೆ ಜರಿ ಕೂಡ ಮನೆಯ ಮೇಲೆ ಉಳಿಯುವುದಿಲ್ಲ.

"ಕೇಳಿಸ್ತಾ, ನೊರೀನ್?"

"ಕೇಳಿಸ್ತು. ಬೆಣ್ಣೆ ನಿನ್ನ ತೋಳಿನ ಮೇಲೆ ಬಿತ್ತು, ಒರೆಸ್ಕೋ," ಎಂದಳು ಹೆಂಡತಿ.

ಪ್ರತಿಜ್ಞೆಗೆ ಕಾರಣವಿತ್ತು. ಡಿಸೆಂಬರ್ ಎಂದರೆ ಕಡುಬೇಸಿಗೆಯಾದ ವಾಲರೂ ಎಂಬ ಆ ಸಮುದ್ರದಂಡೆಯ ಊರಿನಲ್ಲಿ ಡಿಸೆಂಬರ್‌ಗೆ ಮೊದಲು ದೀಪ ಕಟ್ಟಿದವನನ್ನು ಆತುರಗಾರ ಎನ್ನುತ್ತಾರೆ. ಜನವರಿ ಆರು ದಾಟಿದರೂ ಬಿಚ್ಚದವನನ್ನು ಏನೆನ್ನುತ್ತಾರೆ ಎಂಬುದನ್ನು ಅಚ್ಚು ಹಾಕುವಂತಿಲ್ಲ. ಕ್ಲೈವ್‌ನ ಅಕ್ಕ ಥೆಲ್ಮಾಳ ಪ್ರಕಾರವಂತೂ, ಆರರ ನಂತರ ಮನೆಯಲ್ಲಿ ಉಳಿದ ಒಂದೊಂದು ಅಲಂಕಾರವೂ ವರ್ಷವಿಡೀ ಅಲ್ಲೇ ಕೂತು ಅನ್ನ ತಿನ್ನುವ ಒಂದೊಂದು ದರಿದ್ರ. ಹೋದ ವರ್ಷ ಕ್ಲೈವ್ ಮೊದಲು ಸೆಕೆ ಎಂದ, ಆಮೇಲೆ ಕ್ರಿಕೆಟ್ ಎಂದ, ಆಮೇಲೆ ಏಡಿ ಹಿಡಿಯುವ ಕಾಲ ಎಂದ, ಕೊನೆಗೆ ಮಂಡಿ ನೋವು ಎಂದ. ಅಷ್ಟರಲ್ಲಿ ಈಸ್ಟರ್ ಬಂತು. ಪಕ್ಕದ ಮನೆಯ ಗಾರ್ತ್ ಆ ಕ್ರಿಸ್‌ಮಸ್ ಹಾರಕ್ಕೇ ಒಂದು ಚಾಕೊಲೇಟ್ ಮೊಟ್ಟೆ ನೇತುಹಾಕಿ, ಫೋಟೋ ತೆಗೆದು, ಬೇಕರಿಯ ಗಾಜಿಗೆ ಅಂಟಿಸಿಬಿಟ್ಟ. ಮೂವತ್ತು ವರ್ಷ ಬಂದರಿನ ಗೋಧಿ ಕಣಜದಲ್ಲಿ ಮೇಲ್ವಿಚಾರಕನಾಗಿ ಮೆರೆದವನು ಆ ಬೇಕರಿಗೆ ಪೇಸ್ಟಿ ಎಂಬ ಮಾಂಸದ ಕಡುಬು ಕೊಳ್ಳಲು ಹೋದಾಗಲೆಲ್ಲ ಊರು ನಗುತ್ತಿತ್ತು. ಮನುಷ್ಯ ಪೇಸ್ಟಿ ಬಿಟ್ಟು ಎಷ್ಟು ದಿನ ಬದುಕಿಯಾನು?

ಹಾಗಾಗಿ ಅಂದೇ ಹಿತ್ತಲಿನ ಶೆಡ್ಡಿನಿಂದ ಪೆಟ್ಟಿಗೆಗಳು ಹೊರಬಂದವು, ಏಣಿ ಏರಿತು, ಸೂರಿನುದ್ದಕ್ಕೂ ದೀಪದ ಸಾಲು ಎದ್ದಿತು. ಎಲ್ಲಕ್ಕೂ ಕಿರೀಟದಂತೆ ಮುಂದಿನ ವರಾಂಡದಲ್ಲಿ ಕ್ರಿಸ್‌ಮಸ್ ತಾತ ಬಂದು ಕೂತ. ಈ ತಾತನನ್ನು ಕ್ಲೈವ್ ತಾನೇ ಪ್ಲೈವುಡ್ಡಿನಲ್ಲಿ ಕೊರೆದು, ಬಣ್ಣ ಬಳಿದು, ಆಳೆತ್ತರಕ್ಕೆ ಮಾಡಿದ್ದ. ತಲೆಯ ಮೇಲೆ ಕೆಂಪು ಬಟ್ಟೆಯ ಟೋಪಿ, ಬೆನ್ನ ಮೇಲೆ ನಿಜವಾದ ಗೋಣಿಚೀಲ, ಗಲ್ಲದ ಮೇಲೆ ಎದೆಯವರೆಗೆ ಇಳಿಬಿದ್ದ ಹತ್ತಿಯ ಗಡ್ಡ. ಮುಖ ಮಾತ್ರ ಯಾಕೋ ಥೆಲ್ಮಾಳನ್ನು ಹೋಲುತ್ತಿತ್ತು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ತಾತನ ಗಡ್ಡ ತೆಳ್ಳಗಾಯಿತು.

ಕ್ಲೈವ್ ಮೊದಲು ಗಾಳಿಯನ್ನು ಬೈದ. ಹೊಸ ಹತ್ತಿ ಅಂಟಿಸಿದ. ಮೂರು ದಿನದಲ್ಲಿ ಗಡ್ಡ ಮತ್ತೆ ಕುರುಚಲಾಯಿತು. ಈ ಬಾರಿ ಅವನ ಅನುಮಾನ ಬೇಲಿ ದಾಟಿ ನೇರವಾಗಿ ಗಾರ್ತ್‌ನ ಅಂಗಳಕ್ಕೆ ಹೋಯಿತು. ಗಾರ್ತ್ ಕೊಳವೆ ಹಿಡಿದು ಟೊಮೇಟೊ ಗಿಡಗಳಿಗೆ ನೀರು ಬಿಡುತ್ತಿದ್ದ.

"ಲೋ ಗಾರ್ತ್, ತಮಾಷೆಗೂ ಒಂದು ಮಿತಿ ಬೇಡ್ವೇನೋ? ನಮ್ಮ ತಾತನ ಗಡ್ಡ ಯಾಕೋ ಕೀಳ್ತೀಯ?"

ಗಾರ್ತ್ ಕೊಳವೆ ಕೆಳಗಿಟ್ಟು ಅವನನ್ನು ನೋಡಿದ. "ಬಿಸಿಲು ಜಾಸ್ತಿ ಆಯ್ತು ಅನ್ಸುತ್ತೆ ನಿಂಗೆ. ಒಳಗೆ ಹೋಗಿ ನೆರಳಲ್ಲಿ ಮಲಗು."

"ಹಾಗಾದ್ರೆ ನಿನ್ನ ಬೆಕ್ಕಿನ ಕೆಲಸ."

"ನಮ್ಮ ಬೆಕ್ಕಿಗೆ ಹದಿನಾಲ್ಕು ವರ್ಷ ಮಾರಾಯ. ಅದಕ್ಕೆ ಅದರ ಗಡ್ಡಾನೇ ಭಾರ ಆಗಿದೆ."

ಕ್ಲೈವ್ ಹಲ್ಲು ಕಡಿದು ವಾಪಸು ಬಂದು ಮೂರನೇ ಗಡ್ಡ ಅಂಟಿಸಿದ. ಅದೂ ಮಾಯವಾದಾಗ ಗೋಂದಿನ ಡಬ್ಬಿ ಮುಗಿದಿತ್ತು. ನೊರೀನ್ ಚಹಾದ ಬಟ್ಟಲು ಹಿಡಿದು ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು, ಏನೂ ಹೇಳಲಿಲ್ಲ. ನೊರೀನ್ ಏನೂ ಹೇಳದೆ ಚಹಾ ಕುಡಿಯುತ್ತಿದ್ದಾಳೆಂದರೆ ಗಂಡನಾದವನು ಎಚ್ಚರಗೊಳ್ಳಬೇಕು. ನಲವತ್ತು ವರ್ಷ ಸಂಸಾರ ಮಾಡಿದರೂ ಕ್ಲೈವ್‌ಗೆ ಈ ಪಾಠ ತಲೆಗೆ ಹತ್ತಿರಲಿಲ್ಲ.

ಕ್ರಿಸ್‌ಮಸ್ ಮಧ್ಯಾಹ್ನ ಹಿತ್ತಲಿನ ಚಪ್ಪರದ ಕೆಳಗೆ ಎಲ್ಲರೂ ಊಟಕ್ಕೆ ಕೂತರು. ತಣ್ಣಗಿನ ಹ್ಯಾಮ್, ರಾಶಿ ಸಿಗಡಿ, ತಲೆಗಳ ಮೇಲೆ ಕಾಗದದ ಕಿರೀಟ. ಎರಡು ಗ್ಲಾಸು ಬಿಯರ್ ಹೊಟ್ಟೆಗಿಳಿದ ಮೇಲೆ ಕ್ಲೈವ್‌ನ ಪ್ರತಿಜ್ಞೆ ಮತ್ತೆ ಎದ್ದು ನಿಂತಿತು.

"ಈ ಸಲ ಆರನೇ ತಾರೀಖು ನಮ್ಮ ಮನೆ ಮುಂದೆ ಬಂದು ನೋಡಿ. ಬೋಳು ಗೋಡೆ, ಬೋಳು ಸೂರು."

"ಬೋಳಾಗಿರೋದು ನಿನ್ನ ತಲೆ ಒಂದೇ," ಎಂದಳು ಥೆಲ್ಮಾ. "ಹೋದ ವರ್ಷ ನೀನು ಉಳಿಸಿದ ದರಿದ್ರದಿಂದಾನೇ ನನ್ನ ಸೊಂಟ ಹಿಡ್ಕೊಂಡಿದ್ದು."

"ನಮ್ಮನೆ ದೀಪಕ್ಕೂ ನಿನ್ನ ಸೊಂಟಕ್ಕೂ ಏನೇ ಸಂಬಂಧ?"

"ಒಂದೇ ರಕ್ತ ಅಲ್ವೇನೋ."

ಆಗ ನೊರೀನ್ ಸಿಗಡಿಯ ಸಿಪ್ಪೆ ಸುಲಿಯುತ್ತಾ ಮೆಲ್ಲಗೆ ಕೇಳಿದಳು, "ಇಳಿಸದೆ ಹೋದ್ರೆ?"

"ಇಳಿಸ್ತೀನಿ ಅಂದ್ನಲ್ಲ."

"ಹೋದ್ರೆ ಅಂತ ಕೇಳಿದೆ. ಆರರ ಸಂಜೆ ಸೂರ್ಯ ಮುಳುಗಿದಾಗ ಒಂದೇ ಒಂದು ಸಾಮಾನು ಉಳಿದಿದ್ರೂ ಶೆಡ್ಡಿನ ಹಿಂದಿನ ಅರ್ಧ ನನಗೆ. ನನ್ನ ಕುಂಬಾರ ಚಕ್ರ ಅಲ್ಲಿಗೆ ಬರುತ್ತೆ."

ಶೆಡ್ಡು ಎಂದರೆ ಸುಮ್ಮನೆ ತಗಡಿನ ಕೋಣೆಯಲ್ಲ. ಅದು ಕ್ಲೈವ್‌ನ ಸಂಸ್ಥಾನ. ಅಲ್ಲಿ ಅವನ ಉಪಕರಣಗಳು, ಏಡಿ ಬಲೆಗಳು, ಕ್ರಿಕೆಟ್ ಕೇಳುವ ರೇಡಿಯೋ, ಬಿಯರಿನ ಹಳೇ ಫ್ರಿಜ್ಜು. ಅಲ್ಲಿ ಯಾರೂ ಅವನಿಗೆ ಕಾಲೊರೆಸಿಕೋ ಎನ್ನುವುದಿಲ್ಲ. ನೊರೀನ್‌ಳ ಚಕ್ರವೋ, ನಿವೃತ್ತಿಯ ನಂತರ ಆಸೆಪಟ್ಟು ಕೊಂಡಿದ್ದು, ಬಟ್ಟೆ ಒಗೆಯುವ ಕೋಣೆಯ ಮೂಲೆಯಲ್ಲಿ ಮುದುಡಿ ಕೂತಿತ್ತು. ಮನೆಯವರ ಅಂಗಿಗಳೆಲ್ಲ ಜೇಡಿಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಅವಳು ಶೆಡ್ಡಿನಲ್ಲಿ ಒಂದು ಮೂಲೆ ಕೇಳಿದಾಗಲೆಲ್ಲ ಕ್ಲೈವ್‌ಗೆ ಆ ಕಡೆಯ ಕಿವಿ ಕೇಳಿಸುತ್ತಿರಲಿಲ್ಲ.

ಇವತ್ತು ಎರಡೂ ಕಿವಿ ಕೇಳಿಸಿದವು, ಎದುರಿಗೆ ಇಡೀ ಬಳಗ ಕೂತಿತ್ತು. "ಆಯ್ತು," ಎಂದು ಅವನು ಕಿರೀಟ ಸರಿಪಡಿಸಿಕೊಂಡ. "ಥೆಲ್ಮಾನೇ ತೀರ್ಪು ಹೇಳಲಿ."

ಜನವರಿ ಬಂತು. ಐದನೇ ತಾರೀಖು ಸಂಜೆಗೆ ಸೂರಿನ ದೀಪ, ಬಾಗಿಲ ಹಾರ, ಕ್ರಿಸ್‌ಮಸ್ ಮರದ ಬಣ್ಣದ ಗುಂಡುಗಳು ಎಲ್ಲ ಇಳಿದು ಪೆಟ್ಟಿಗೆ ಸೇರಿದವು. ಕ್ಲೈವ್ ತಾತನನ್ನು ಮಾತ್ರ ಬೇಕೆಂದೇ ಉಳಿಸಿಕೊಂಡ. ಗೆಲುವನ್ನು ಗುಟ್ಟಾಗಿ ಗೆದ್ದರೆ ಏನು ಸುಖ? ಆರರ ಸಂಜೆ ಗಾರ್ತ್‌ನನ್ನೂ ಥೆಲ್ಮಾಳನ್ನೂ ಮುಂದಿನ ಅಂಗಳಕ್ಕೆ ಕರೆದು, ಕುರ್ಚಿ ಹಾಕಿ ಕೂರಿಸಿ, ಅವರ ಕಣ್ಣೆದುರೇ ತಾತನನ್ನು ಹೆಗಲ ಮೇಲೆ ಹೊತ್ತು ನಡೆಯುವುದು ಅವನ ಯೋಜನೆ. ದಿನವಿಡೀ ನಲವತ್ತಮೂರು ಡಿಗ್ರಿ ಕಾದು, ಸಂಜೆ ಸಮುದ್ರದ ಗಾಳಿ ಸ್ವಲ್ಪ ತಣ್ಣಗಾದಾಗ ಸಭೆ ಸೇರಿತು. ಥೆಲ್ಮಾ ಕೊಡೆ ಬಿಚ್ಚಿ ನ್ಯಾಯಾಧೀಶೆಯಾಗಿ ಕೂತಳು, ಪಕ್ಕದಲ್ಲಿ ನೊರೀನ್.

ಕ್ಲೈವ್ ಅಂಗಿಯ ತೋಳು ಮಡಚಿ ಮುಂದೆ ಹೋಗಿ ತಾತನ ಸೊಂಟ ಹಿಡಿದ. ಹಿಡಿದದ್ದೇ ತಡ, ತಲೆಯ ಮೇಲೆ ಟಕ್ಕೆಂದು ಏಟು ಬಿತ್ತು.

ತಿರುಗಿದರೆ ಯಾರೂ ಇಲ್ಲ. ಮತ್ತೆ ಹಿಡಿದ, ಮತ್ತೆ ಟಕ್. ಈ ಬಾರಿ ಕಂಡಿತು. ಕಪ್ಪು ಮೈ, ಬಿಳಿ ಹೊಟ್ಟೆ, ಅಂಗೈ ತುಂಬದಷ್ಟು ಸಣ್ಣ ಹಕ್ಕಿ. ಬಾಲವನ್ನು ಅತ್ತಿತ್ತ ಬೀಸುತ್ತಾ ವರಾಂಡದ ಕಟಕಟೆಯ ಮೇಲೆ ಕೂತು ಯಜಮಾನನನ್ನು ವಾಚಾಮಗೋಚರ ಬೈಯುತ್ತಿತ್ತು. ಊರವರು ವಿಲ್ಲಿ ಎಂದು ಕರೆಯುವ ಈ ಹಕ್ಕಿಗೆ ನಾಯಿ, ಹದ್ದು, ಅಂಚೆಯವನು ಯಾರ ಭಯವೂ ಇಲ್ಲ.

ಕ್ಲೈವ್ ತಲೆಗೆ ಕೈ ಅಡ್ಡ ಹಿಡಿದು ತಾತನ ಬೆನ್ನ ಹಿಂದೆ ಇಣುಕಿದ. ಗೋಣಿಚೀಲದ ಬಾಯಲ್ಲಿ ಒಂದು ಗೂಡು. ಜೇಡರ ಬಲೆ ಸುತ್ತಿದ, ಬೆಳ್ಳಗೆ ಹತ್ತಿ ಹಾಸಿದ, ಅಚ್ಚುಕಟ್ಟಾದ ಬಟ್ಟಲು. ಮೂರು ಗಡ್ಡಗಳೂ ಅಲ್ಲಿದ್ದವು. ಗಡ್ಡ ಅಂಟಿಸುವಾಗ ಅವನು ಮುಂದಿನಿಂದ ಬಂದು ಮುಂದಿನಿಂದಲೇ ಹೋಗಿದ್ದ. ಉಳಿದಂತೆ ಆ ಮನೆಯಲ್ಲಿ ಮುಂಬಾಗಿಲು ಪಾದ್ರಿಗೆ, ಪೊಲೀಸರಿಗೆ. ಮನೆಯವರೆಲ್ಲ ಓಡಾಡುವುದು ಹಿತ್ತಲಿನಿಂದಲೇ. ಗೂಡಿನೊಳಗೆ ಪುಕ್ಕವೂ ಸರಿಯಾಗಿ ಮೂಡದ ಮೂರು ಮರಿಗಳು ಬಾಯಿ ತೆರೆದು ಕೂತಿದ್ದವು.

"ಏನಾಯ್ತು, ಭಾರಾನಾ?" ಎಂದು ಗಾರ್ತ್ ಕೂಗಿದ.

ಕ್ಲೈವ್‌ನ ಮುಖ ಇಂಗು ತಿಂದ ಮಂಗನಂತಾಗಿತ್ತು. ಸೂರ್ಯ ಬಂದರಿನ ಕಣಜಗಳ ಮೇಲೆ ಇಳಿಯುತ್ತಿದ್ದ. ಅವನು ಕೆಳಗೆ ಬಂದು ವಕೀಲನ ದನಿ ತೆಗೆದ.

"ನೋಡಿ, ತಾತ ಈಗ ಅಲಂಕಾರದ ಲೆಕ್ಕಕ್ಕೆ ಬರಲ್ಲ. ಒಳಗೆ ಹಕ್ಕಿ ಸಂಸಾರ ಇದೆ. ಇದು ಹಕ್ಕಿ ಮನೆ."

"ಕೆಂಪು ಟೋಪಿ ಹಾಕ್ಕೊಂಡಿರೋ ಹಕ್ಕಿ ಮನೆ?" ಎಂದಳು ನೊರೀನ್.

ಕ್ಲೈವ್ ಒಂದು ಪೊರಕೆಯ ಕೋಲು ತಂದು, ಹಕ್ಕಿಯಿಂದ ಇನ್ನೆರಡು ಏಟು ತಿಂದು, ಟೋಪಿಯನ್ನು ಕೆಡವಿದ. "ಈಗ?"

ಥೆಲ್ಮಾ ಕನ್ನಡಕ ಏರಿಸಿಕೊಂಡು ದಿಟ್ಟಿಸಿದಳು. ಟೋಪಿಯಿಲ್ಲದೆ, ಗಡ್ಡವಿಲ್ಲದೆ, ತಾತ ಈಗ ತದ್ರೂಪು ಅವಳೇ ಆಗಿದ್ದ. ಅವಳ ತುಟಿ ಬಿಗಿಯಿತು. "ಕ್ರಿಸ್‌ಮಸ್ ತಾತನೇ ಸರಿ," ಎಂದು ತೀರ್ಪಿತ್ತಳು. "ಬೇರೆ ಯಾರ ಥರಾನೂ ಇಲ್ಲ."

"ಮತ್ತೆ ಎತ್ಕೊಂಡು ಹೋಗು," ಎಂದಳು ನೊರೀನ್. "ಇನ್ನೂ ಹೊತ್ತಿದೆ. ಯಾರು ಬೇಡ ಅಂದ್ರು?"

ಗಾರ್ತ್ ಬಾಯಿ ತೆರೆದ. "ಗೂಡು ಮುಟ್ಟೋ ಹಾಗಿಲ್ಲ, ಕಾನೂನು..."

"ಕಾನೂನು ಬಿಡು. ಅವನು ಏನು ಮಾಡ್ತಾನೆ ನೋಡೋಣ," ಎಂದು ನೊರೀನ್ ತಡೆದಳು.

ಕ್ಲೈವ್ ಮತ್ತೆ ಮೆಟ್ಟಿಲೇರಿದ. ಶೆಡ್ಡು ಕಣ್ಣ ಮುಂದೆ ಬಂತು, ಫ್ರಿಜ್ಜು ಬಂತು, ಮಧ್ಯಾಹ್ನದ ರೇಡಿಯೋ ಬಂತು. ಎರಡು ಹೆಜ್ಜೆಯ ಕೆಲಸ. ಚೀಲದ ಬಾಯನ್ನು ಸ್ವಲ್ಪ ಓರೆ ಮಾಡಿದರೆ ಮುಗಿಯಿತು. ಕೈ ಚಾಚಿದ. ಮರಿಗಳು ಅವನ ಬೆರಳನ್ನೇ ಅಮ್ಮನ ಕೊಕ್ಕು ಎಂದುಕೊಂಡು ಕತ್ತು ಎತ್ತಿದವು. ಬಂದರಿನಲ್ಲಿ ಲಾರಿ ಚಾಲಕರನ್ನು ನಡುಗಿಸಿದ ಆ ಕೈ ಅಲ್ಲೇ ನಿಂತುಬಿಟ್ಟಿತು. ಅವನು ಬಿದ್ದಿದ್ದ ಟೋಪಿಯನ್ನು ಎತ್ತಿ, ಧೂಳು ಕೊಡವಿ, ಗೂಡಿಗೆ ಬಿಸಿಲು ತಾಗದ ಹಾಗೆ ಚೀಲದ ಮೇಲೆ ಓರೆಯಾಗಿ ಮುಚ್ಚಿ ಇಳಿದು ಬಂದ.

ಸೂರ್ಯ ಮುಳುಗಿದ. ಥೆಲ್ಮಾ ಕೊಡೆ ಮಡಚಿದಳು.

ಒಳಗೆ ಹೋಗುವಾಗ ನೊರೀನ್ ಅವನ ತೋಳು ಹಿಡಿದಳು. ಕ್ಲೈವ್‌ಗೆ ಒಂದು ಅನುಮಾನ ಹೊಳೆಯಿತು. "ನಿಂಗೆ ಯಾವಾಗ ಗೊತ್ತಾಯ್ತು?"

"ಏನು?"

"ಹಕ್ಕಿ ವಿಷಯ."

"ಎರಡನೇ ಗಡ್ಡದ ಹೊತ್ತಿಗೆ. ದಿನಾ ಕಿಟಕೀಲಿ ನಿಂತು ನೋಡ್ತಿದ್ದೆನಲ್ಲ."

"ಅಂದ್ರೆ ಕ್ರಿಸ್‌ಮಸ್ ಊಟದ ದಿನ ನೀನು..."

"ಮೊಟ್ಟೆ ಇಟ್ಟು ಎರಡು ದಿನ ಆಗಿತ್ತು," ಎಂದಳು ನೊರೀನ್. "ಆಮೇಲೇ ನಾನು ಪಂದ್ಯ ಕಟ್ಟಿದ್ದು."

"ಮೋಸ ಅಲ್ವಾ ಇದು?"

"ನೀನು ಗೂಡು ಕೆಡವಿದ್ರೆ ನಾನು ಸೋಲ್ತಿದ್ದೆ ತಾನೆ? ನೀನು ಕೆಡವಲ್ಲ ಅಂತ ನಂಗೆ ಗೊತ್ತಿತ್ತು. ಅಷ್ಟೇ."

ಇದಕ್ಕೆ ಕೋಪ ಮಾಡಿಕೊಳ್ಳಬೇಕೋ ಖುಷಿಪಡಬೇಕೋ ಕ್ಲೈವ್‌ಗೆ ತಿಳಿಯಲಿಲ್ಲ. ಖುಷಿಯೇ ಆಯಿತು. ಅದನ್ನು ತೋರಿಸಬಾರದೆಂದು ಮುಖ ಗಂಟಿಕ್ಕಿಕೊಂಡು ತಿರುಗಿದ.

ಮರುದಿನವೇ ಚಕ್ರ ಶೆಡ್ಡಿಗೆ ಹೋಯಿತು. ಅದರ ಹಿಂದೆ ಜೇಡಿಮಣ್ಣಿನ ಮೂಟೆಗಳು, ಅದರ ಹಿಂದೆ ಹಲಗೆಗಳು, ಹಲಗೆಗಳ ಮೇಲೆ ಬಟ್ಟಲು, ಹೂಜಿ, ಮತ್ತೆ ಬಟ್ಟಲು. ಕ್ಲೈವ್‌ಗೆ ಅತ್ತ ನೋಡಲು ಪುರುಸೊತ್ತೇ ಇರಲಿಲ್ಲ. ಸೆಕೆ ಏರಿದ ದಿನ ಒದ್ದೆ ಬೆಡ್‌ಶೀಟು ಹಿಡಿದು ತಾತನ ಪಕ್ಕ ನಿಲ್ಲುತ್ತಿದ್ದ. ಗಾರ್ತ್‌ನ ಮುದಿ ಬೆಕ್ಕು ಬೇಲಿಯ ಬಳಿ ಸುಮ್ಮನೆ ಆಕಳಿಸಿದರೂ ನೀರಿನ ಕೊಳವೆ ಹಿಡಿದು ಓಡುತ್ತಿದ್ದ. ಇಷ್ಟೆಲ್ಲ ಮಾಡಿದರೂ ತಾಯಿ ಹಕ್ಕಿ ಅವನ ತಲೆಗೆ ಕುಟ್ಟುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಕೃತಜ್ಞತೆ ಎಂಬುದು ಆ ಜಾತಿಯಲ್ಲಿ ಇಲ್ಲ.

ತಿಂಗಳ ಕೊನೆಗೆ ಮೂರೂ ಮರಿಗಳು ಹಾರಿದವು. ಕ್ಲೈವ್ ಎರಡು ದಿನ ಕಾದು, ಗೂಡು ಖಾಲಿಯೆಂದು ಖಚಿತ ಮಾಡಿಕೊಂಡು, ಕೊನೆಗೂ ತಾತನನ್ನು ಹೆಗಲಿಗೇರಿಸಿದ. ತಡವಾದರೇನು, ಕೆಲಸ ಮುಗಿಸಿದ ಗಂಡಸಿನ ಠೀವಿಯಲ್ಲಿ ಶೆಡ್ಡಿನ ಬಾಗಿಲು ಕಾಲಿನಿಂದ ತಳ್ಳಿದ.

"ಹುಷಾರು. ಆ ಹೂಜಿ ಇನ್ನೂ ಹಸಿ," ಎಂದಳು ನೊರೀನ್, ಚಕ್ರದಿಂದ ಕಣ್ಣೆತ್ತದೆ.

"ಇವನನ್ನ ಎಲ್ಲಿಡಲಿ?"

"ಮೊದಲು ಎಲ್ಲಿಡ್ತಿದ್ದೆ?"

"ನೀನು ಕೂತಿದ್ದೀಯಲ್ಲ, ಅಲ್ಲಿ."

ನೊರೀನ್ ಚಕ್ರ ನಿಲ್ಲಿಸಿದಳು. ಇಬ್ಬರೂ ಸುತ್ತ ನೋಡಿದರು. ಹಿಂದಿನ ಅರ್ಧದಲ್ಲಿ ಬೆರಳಿಡಲೂ ಜಾಗವಿರಲಿಲ್ಲ. ಐದನೇ ತಾರೀಖು ಇಳಿಸಿದ ದೀಪದ ಪೆಟ್ಟಿಗೆಗಳೆಲ್ಲ ಆಗಲೇ ಕ್ಲೈವ್‌ನ ಅರ್ಧಕ್ಕೆ ಬಂದು ಅವನ ಬೆಂಚಿನ ಮೇಲೆ ಕೂತಿದ್ದವು.

"ನಿನ್ನ ಕಡೆ ಇಡು," ಎಂದಳು.

ಕ್ಲೈವ್ ಇಟ್ಟು ನೋಡಿದ. ತಾತ ನಿಂತರೆ ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ, ಮಲಗಿದರೆ ಕ್ಲೈವ್ ಒಳಗೆ ಬರುವಂತಿಲ್ಲ. ಅವನು ಸ್ವಲ್ಪ ಹೊತ್ತು ಫ್ರಿಜ್ಜನ್ನು ನೋಡಿದ, ತಾತನನ್ನು ನೋಡಿದ, ತಾತನನ್ನು ಮತ್ತೆ ಹೆಗಲಿಗೇರಿಸಿ ಬಂದ ದಾರಿಯಲ್ಲೇ ಹೊರಟ.

ಮುಂದಿನ ವರಾಂಡದಲ್ಲಿ ಅವನು ತಾತನನ್ನು ಕೂರಿಸಿ, ಟೋಪಿ ಸರಿಮಾಡುತ್ತಿದ್ದಾಗ ಬೇಲಿಯ ಮೇಲೆ ಗಾರ್ತ್‌ನ ತಲೆ ಕಾಣಿಸಿತು. ಕೈಯಲ್ಲಿ ಫೋಟೋ ತೆಗೆಯುವ ಫೋನು ಸಿದ್ಧವಾಗಿತ್ತು.

"ಏನ್ ಕ್ಲೈವ್, ಇಳಿಸ್ತಾ ಇದ್ದೀಯಾ, ಏರಿಸ್ತಾ ಇದ್ದೀಯಾ?"

"ಏರಿಸ್ತಾ ಇದ್ದೀನಿ ಕಣೋ," ಎಂದ ಕ್ಲೈವ್. "ಮುಂದಿನ ಕ್ರಿಸ್‌ಮಸ್‌ಗೆ ಊರಲ್ಲಿ ನಾನೇ ಫಸ್ಟು."